ಬಡ್ಡಿ ಏರುವ ಕಾಲದಲ್ಲಿ ಬಾಂಡ್ ಪೇಟೆ ಓದುವುದು ಹೇಗೆ? 2022–23ರ ಏರಿಕೆಯನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

2022ರ ಜೂನ್‌ನಲ್ಲಿ ನಮ್ಮ ಚಿಕ್ಕಪ್ಪ ಫೋನ್ ಮಾಡಿದರು. ನಿವೃತ್ತ ಮೇಷ್ಟ್ರು. ಹಿಂದಿನ ವರ್ಷ ಯಾರದೋ ಮಾತು ಕೇಳಿ ಗಿಲ್ಟ್ ಫಂಡ್‌ಗೆ ಸ್ವಲ್ಪ ದುಡ್ಡು ಹಾಕಿದ್ದರು. ಸರ್ಕಾರಿ ಸಾಲಪತ್ರಗಳನ್ನಷ್ಟೇ, ಅಂದರೆ ಸರ್ಕಾರಿ ಬಾಂಡ್‌ಗಳನ್ನಷ್ಟೇ ಕೊಳ್ಳುವ ಫಂಡ್ ಅದು.

"ಅಲ್ಲ ಕಣೋ, ಸರ್ಕಾರಕ್ಕೆ ಕೊಟ್ಟ ಸಾಲ, ಭಯ ಇಲ್ಲ ಅಂದಿದ್ರು. ಬಡ್ಡಿ ಬೇರೆ ಏರ್ತಾ ಇದೆ ಅಂತ ದಿನಾ ಪೇಪರ್‌ನಲ್ಲಿ ಬರುತ್ತೆ. ಹಂಗಿದ್ರೂ ನನ್ನ ದುಡ್ಡು ಕರಗ್ತಾ ಇದೆಯಲ್ಲ, ಹೆಂಗೆ?"

ಬಡ್ಡಿ ಏರಿದ್ದಕ್ಕೇ ಕರಗಿದ್ದು ಚಿಕ್ಕಪ್ಪ ಅಂದೆ. ಅವರ ಮುಂದಿನ ಪ್ರಶ್ನೆ ಕಷ್ಟದ್ದಾಗಿತ್ತು. "ಹಂಗಾದ್ರೆ ಈಗಲೇ ಮಾರಿಬಿಡಲಾ?" ಆಗ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ (ಆರ್‌ಬಿಐ) ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ 4.90 ಇತ್ತು. ಇನ್ನೂ ಏರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅದು ನಿಜವೂ ಆಯಿತು, ಶೇ 6.50ರವರೆಗೆ ಹೋಯಿತು. ಆದರೆ 10 ವರ್ಷದ ಬಾಂಡ್‌ನ ಕೆಟ್ಟ ದಿನಗಳು ಆ ಜೂನ್‌ಗೇ ಮುಗಿದಿದ್ದವು. ನಾನು "ಸ್ವಲ್ಪ ತಡೀರಿ" ಅಂದೆ. ಅದರಲ್ಲಿ ಅರ್ಧ ಓದು, ಅರ್ಧ ಅದೃಷ್ಟ. ಆ ಓದಿನ ಅರ್ಧವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲ ಹೆಜ್ಜೆ: ಬೆಲೆ ಮತ್ತು ಯೀಲ್ಡ್, ಬಾವಿಯ ರಾಟೆಯ ಎರಡು ಕೊಡ

ಒಂದು ನಿಜವಾದ ಕಾಗದವನ್ನೇ ತೆಗೆದುಕೊಳ್ಳೋಣ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ 10 ವರ್ಷದ ಹೊಸ ಸಾಲಪತ್ರ ಬಿಟ್ಟಿತು. ಹೆಸರು 6.54% ಜಿಎಸ್ 2032. ಅಂದರೆ 100 ರೂಪಾಯಿ ಮುಖಬೆಲೆಗೆ ವರ್ಷಕ್ಕೆ 6.54 ರೂಪಾಯಿ ಬಡ್ಡಿ. 2032ರಲ್ಲಿ ಅಸಲು ವಾಪಸ್. ಈ 6.54 ಎಂಬುದು ಕೂಪನ್. ಅದು ಕಡೆಯವರೆಗೂ ಬದಲಾಗುವುದಿಲ್ಲ.

ಆರು ತಿಂಗಳು ಕಳೆಯಿತು. ಪೇಟೆಯಲ್ಲಿ ಅಷ್ಟೇ ಅವಧಿಯ ಕಾಗದಕ್ಕೆ ಜನ ಶೇ 7.6 ಕೇಳತೊಡಗಿದರು. ನಿಮ್ಮ ಹಳೆಯ ಕಾಗದವನ್ನು 100 ಕೊಟ್ಟು ಯಾರು ತಗೊಳ್ತಾರೆ? ಯಾರೂ ಇಲ್ಲ. 6.54 ಬಡ್ಡಿ ಕೊಡುವ ಕಾಗದ ಕೊಂಡವನಿಗೆ 7.6ರಷ್ಟು ಗಿಟ್ಟಬೇಕಾದರೆ ಬೆಲೆ ಇಳಿಯಬೇಕು. ಲೆಕ್ಕ ಹಾಕಿದರೆ ಸುಮಾರು 93 ರೂಪಾಯಿ ಬರುತ್ತದೆ. ಚಿಕ್ಕಪ್ಪನ ಫಂಡ್ ಒಳಗೆ ಆಗಿದ್ದು ಇಷ್ಟೇ. ಸರ್ಕಾರ ಒಂದು ಪೈಸೆ ತಪ್ಪಿಸಲಿಲ್ಲ. ಇವತ್ತು ಮಾರಿದರೆ ಎಷ್ಟು ಸಿಗುತ್ತದೆ ಎಂದು ಫಂಡ್ ದಿನವೂ ಬೆಲೆ ಕಟ್ಟುತ್ತದೆ, ಆ ಬೆಲೆ ಇಳಿಯಿತು.

ಈ 'ಗಿಟ್ಟುವುದು' ಇದೆಯಲ್ಲ, ಅದೇ ಯೀಲ್ಡ್. ಪತ್ರಿಕೆಗಳಲ್ಲಿ ಇಳುವರಿ ಅಂತಲೋ ಗಳಿಕೆ ಅಂತಲೋ ಬರೆಯುತ್ತಾರೆ. ಬಾವಿಯ ರಾಟೆಯಲ್ಲಿ ಒಂದು ಕೊಡ ಮೇಲೆ ಬಂದರೆ ಇನ್ನೊಂದು ಕೆಳಗೆ ಹೋಗುತ್ತದೆ. ಯೀಲ್ಡ್ ಮೇಲೆ, ಬೆಲೆ ಕೆಳಗೆ. ಸುದ್ದಿಯಲ್ಲಿ "ಬಾಂಡ್ ಯೀಲ್ಡ್ ಏರಿಕೆ" ಎಂದು ಕಂಡರೆ, ಈಗಾಗಲೇ ಬಾಂಡ್ ಇಟ್ಟುಕೊಂಡವರಿಗೆ ನಷ್ಟ, ಇನ್ನು ಕೊಳ್ಳುವವರಿಗೆ ಲಾಭ ಎಂದು ಓದಿಕೊಳ್ಳಿ.

ಬೆಲೆ ಎಷ್ಟು ಅಲ್ಲಾಡುತ್ತದೆ ಎಂಬುದು ಅವಧಿಯ ಮೇಲಿದೆ. ಇದನ್ನು ಅಳೆಯಲು ಡ್ಯುರೇಷನ್ ಎಂಬ ಸಂಖ್ಯೆ ಬಳಸುತ್ತಾರೆ. ಅಂದಾಜು ನೆನಪಿಟ್ಟುಕೊಂಡರೆ ಸಾಕು. ಒಂದು ವರ್ಷದ ಕಾಗದಕ್ಕೆ 1, ಐದು ವರ್ಷದ್ದಕ್ಕೆ 4, ಹತ್ತು ವರ್ಷದ್ದಕ್ಕೆ 7, ಮೂವತ್ತು ವರ್ಷದ್ದಕ್ಕೆ 12. ಯೀಲ್ಡ್ 1 ಅಂಶ ಏರಿದರೆ, ಅಂದರೆ 6 ಇದ್ದದ್ದು 7 ಆದರೆ, ಬೆಲೆ ಸುಮಾರು ಅಷ್ಟು ಶೇಕಡ ಇಳಿಯುತ್ತದೆ. ಫಂಡ್ ಕಂಪನಿಗಳು ಪ್ರತಿ ತಿಂಗಳು ಕೊಡುವ ಫ್ಯಾಕ್ಟ್‌ಶೀಟ್‌ನಲ್ಲಿ ಈ ಸಂಖ್ಯೆ ಇದ್ದೇ ಇರುತ್ತದೆ. ಚಿಕ್ಕಪ್ಪನಿಗೆ ಫಂಡ್ ಮಾರಿದವರು ಹಿಂದಿನ ವರ್ಷದ ಗಳಿಕೆ ತೋರಿಸಿದ್ದರು. ಈ ಸಂಖ್ಯೆಯನ್ನು ತೋರಿಸಿರಲಿಲ್ಲ.

ಎರಡನೇ ಹೆಜ್ಜೆ: ಒಂದು ನೋಟ್‌ಬುಕ್, ಐದು ಕಾಲಂ

ದಿನಾ ನೋಡಬೇಡಿ, ತಲೆ ಕೆಡುತ್ತದೆ. ವಾರಕ್ಕೊಮ್ಮೆ, ಶನಿವಾರ ಬೆಳಿಗ್ಗೆ ಕಾಫಿ ಜೊತೆ ಐದು ಅಂಕಿ ಬರೆಯಿರಿ. ರೆಪೊ ದರ. 364 ದಿನದ ಖಜಾನೆ ಬಿಲ್‌ನ ಯೀಲ್ಡ್; ಇದು ಸರ್ಕಾರದ ಸಣ್ಣ ಅವಧಿಯ ಸಾಲದ ಕಾಗದ, ಪೇಟೆಯವರು ಟಿ-ಬಿಲ್ ಅನ್ನುವುದು ಇದನ್ನೇ. 10 ವರ್ಷದ ಸರ್ಕಾರಿ ಬಾಂಡ್ ಯೀಲ್ಡ್. ಕಚ್ಚಾ ತೈಲದ ಬೆಲೆ. ಅಮೆರಿಕದ 10 ವರ್ಷದ ಬಾಂಡ್ ಯೀಲ್ಡ್.

ಮೊದಲ ಮೂರೂ ಆರ್‌ಬಿಐ ವೆಬ್‌ಸೈಟ್‌ನ ಮುಖಪುಟದಲ್ಲೇ ಸಿಗುತ್ತವೆ. ಬಾಂಡ್‌ಗಳ ವಹಿವಾಟು ನಡೆಯುವ ಎನ್‌ಡಿಎಸ್-ಒಎಂ ವ್ಯವಸ್ಥೆಯ ದರಗಳು ಬೇಕಾದರೆ ಆ ವಹಿವಾಟುಗಳನ್ನು ಚುಕ್ತಾ ಮಾಡುವ ಸಂಸ್ಥೆ ಸಿಸಿಐಎಲ್‌ನ ತಾಣ ನೋಡಬಹುದು. ಎಲ್ಲವೂ ಬಿಟ್ಟಿ.

ಪಕ್ಕದಲ್ಲಿ ಎರಡು ಕಳೆಯುವ ಲೆಕ್ಕ ಮಾಡಿ. 10 ವರ್ಷದ ಯೀಲ್ಡ್‌ನಿಂದ ರೆಪೊ ಕಳೆಯಿರಿ. ಆಮೇಲೆ 10 ವರ್ಷದ್ದರಿಂದ 364 ದಿನದ್ದನ್ನು ಕಳೆಯಿರಿ. ನಿಜ ಹೇಳಬೇಕೆಂದರೆ ಇಡೀ ನೋಟ್‌ಬುಕ್‌ನಲ್ಲಿ ಹೆಚ್ಚು ಮಾತಾಡುವುದು ಈ ಎರಡು ಅಂತರಗಳೇ.

ಹಣದುಬ್ಬರದ ಅಂಕಿ ತಿಂಗಳಿಗೊಮ್ಮೆ, ಸಾಮಾನ್ಯವಾಗಿ 12ನೇ ತಾರೀಕು ಬರುತ್ತದೆ. ಅದನ್ನು ಪುಟದ ಮೇಲೆ ಬರೆದುಕೊಳ್ಳಿ.

ಮೂರನೇ ಹೆಜ್ಜೆ: ಎರಡು ತುದಿಗಳನ್ನು ಬೇರೆ ಬೇರೆ ಓದಿ

ಬಹಳ ಜನ ತಪ್ಪುವುದು ಇಲ್ಲೇ. ರೆಪೊ ಏರಿದರೆ ಎಲ್ಲ ಬಾಂಡ್‌ಗಳ ಯೀಲ್ಡೂ ಒಟ್ಟಿಗೆ ಅಷ್ಟೇ ಏರುತ್ತದೆ ಅಂದುಕೊಳ್ಳುತ್ತಾರೆ. ಹಾಗೆ ಆಗುವುದಿಲ್ಲ. ಸಣ್ಣ ಅವಧಿಯ ಕಾಗದ ಆರ್‌ಬಿಐ ಇವತ್ತು ಏನು ಮಾಡುತ್ತಿದೆ ಎಂದು ನೋಡುತ್ತದೆ. ಉದ್ದ ಅವಧಿಯದ್ದು ಮುಂದಿನ ವರ್ಷಗಳ ಹಣದುಬ್ಬರ, ಸರ್ಕಾರದ ಸಾಲ, ತೈಲ, ಅಮೆರಿಕ ಎಲ್ಲವನ್ನೂ ನೋಡುತ್ತದೆ. ಮನೆಯಲ್ಲಿ ಕಿರಿಯವನು ಅಪ್ಪನ ಮುಖ ನೋಡಿ ನಡೆಯುತ್ತಾನೆ, ಹಿರಿಯವನು ಮಳೆ-ಬೆಳೆ ನೋಡುತ್ತಾನಲ್ಲ, ಹಾಗೆ.

2022–23ರಲ್ಲಿ ನಡೆದದ್ದನ್ನು ನೋಟ್‌ಬುಕ್‌ನಂತೆಯೇ ಓದೋಣ.

2021ರ ಡಿಸೆಂಬರ್ ಕೊನೆ. ರೆಪೊ ಶೇ 4. ಅದು 2020ರ ಮೇ ತಿಂಗಳಿಂದ ಅಲ್ಲೇ ಕೂತಿತ್ತು. 10 ವರ್ಷದ ಯೀಲ್ಡ್ ಸುಮಾರು 6.45. ಅಂತರ ಹೆಚ್ಚುಕಡಿಮೆ 2.45. ಆಗಲೇ ಇದು ದೊಡ್ಡ ಅಂತರ. ರೆಪೊ ಇಷ್ಟು ಕೆಳಗೆ ಉಳಿಯುವುದಿಲ್ಲ ಎಂದು ಪೇಟೆ ಗೊಣಗುತ್ತಿತ್ತು ಎಂದು ಅರ್ಥ.

2022ರ ಫೆಬ್ರವರಿ 1. ಬಜೆಟ್. ಮುಂದಿನ ವರ್ಷಕ್ಕೆ ಕೇಂದ್ರದ ಒಟ್ಟು ಸಾಲ ಸುಮಾರು 14.95 ಲಕ್ಷ ಕೋಟಿ ಎಂದರು. ಪೇಟೆ ಇಷ್ಟನ್ನು ಎಣಿಸಿರಲಿಲ್ಲ. ಅವತ್ತೇ ಯೀಲ್ಡ್ 6.8 ದಾಟಿತು. ಆರ್‌ಬಿಐ ಇನ್ನೂ ಬಾಯಿಯೇ ತೆರೆದಿಲ್ಲ. ಫೆಬ್ರವರಿ 24ಕ್ಕೆ ಉಕ್ರೇನ್ ಯುದ್ಧ ಶುರುವಾಯಿತು, ತೈಲ ಮೇಲಕ್ಕೆ ಹಾರಿತು.

ಏಪ್ರಿಲ್ 8. ಈ ದಿನವನ್ನು ಬಹಳ ಜನ ಮರೆತಿದ್ದಾರೆ, ನನಗೆ ಮಾತ್ರ ಇದೇ ಮುಖ್ಯ ದಿನ. ರೆಪೊ ಶೇ 4ರಲ್ಲೇ ಇದೆ ಎಂದು ತಲೆಬರಹ ಬಂತು. ಆದರೆ ಅವತ್ತು ಆರ್‌ಬಿಐ ಎಸ್‌ಡಿಎಫ್ ಎಂಬ ಹೊಸ ಕಿಟಕಿ ತೆರೆಯಿತು. ಬ್ಯಾಂಕುಗಳು ಮಿಕ್ಕ ದುಡ್ಡನ್ನು ರಾತ್ರಿಗೆ ಆರ್‌ಬಿಐನಲ್ಲಿ ಇಟ್ಟರೆ ಶೇ 3.75 ಸಿಗುತ್ತದೆ ಎಂದಿತು. ಅದುವರೆಗೆ ರಿವರ್ಸ್ ರೆಪೊ ಲೆಕ್ಕದಲ್ಲಿ ಸಿಗುತ್ತಿದ್ದದ್ದು 3.35. ಅಂದರೆ ರೆಪೊ ಮುಟ್ಟದೆ, ನೆಲವನ್ನೇ 40 ಬೇಸಿಸ್ ಪಾಯಿಂಟ್ ಎತ್ತಿದ ಹಾಗಾಯಿತು. ನೂರು ಬೇಸಿಸ್ ಪಾಯಿಂಟ್ ಅಂದರೆ ಶೇ 1. ಪೇಟೆಗೆ ಅರ್ಥವಾಯಿತು. 10 ವರ್ಷದ ಯೀಲ್ಡ್ 7.1ಕ್ಕೆ ಬಂತು. ರೆಪೊ 4, ಯೀಲ್ಡ್ 7.1. ಅಂತರ 3.1!

ಮೇ 4. ಎಲ್‌ಐಸಿ ಷೇರು ಮಾರಾಟ ಶುರುವಾದ ದಿನ. ಮಧ್ಯಾಹ್ನ ಗವರ್ನರ್ ಶಕ್ತಿಕಾಂತ ದಾಸ್ ಇದ್ದಕ್ಕಿದ್ದ ಹಾಗೆ ಪರದೆ ಮೇಲೆ ಬಂದರು. ವೇಳಾಪಟ್ಟಿಯಲ್ಲಿ ಇಲ್ಲದ ಸಭೆ ಮುಗಿದಿತ್ತು. ರೆಪೊ 40 ಬೇಸಿಸ್ ಪಾಯಿಂಟ್ ಏರಿ 4.40 ಆಯಿತು. ಬ್ಯಾಂಕುಗಳು ಆರ್‌ಬಿಐನಲ್ಲಿ ಕಡ್ಡಾಯವಾಗಿ ಇಡಬೇಕಾದ ನಗದು, ಸಿಆರ್‌ಆರ್, ಅದೂ ಅರ್ಧ ಶೇಕಡ ಏರಿತು. ಯೀಲ್ಡ್ 7.38ರ ಹತ್ತಿರ ಹೋಯಿತು.

ಜೂನ್ 8. ಇನ್ನೊಂದು 50 ಬೇಸಿಸ್ ಪಾಯಿಂಟ್, ರೆಪೊ 4.90. ಆ ತಿಂಗಳ ಮಧ್ಯದಲ್ಲಿ 10 ವರ್ಷದ ಯೀಲ್ಡ್ 7.6 ಮುಟ್ಟಿತು. ಅಲ್ಲೇ ನಿಂತಿತು.

ಆಮೇಲೆ ರೆಪೊ ಏರುತ್ತಲೇ ಹೋಯಿತು. ಆಗಸ್ಟ್ 5ಕ್ಕೆ 5.40. ಸೆಪ್ಟೆಂಬರ್ 30ಕ್ಕೆ 5.90. ಡಿಸೆಂಬರ್ 7ಕ್ಕೆ 6.25. 2023ರ ಫೆಬ್ರವರಿ 8ಕ್ಕೆ 6.50. ಜೂನ್ ನಂತರ ರೆಪೊ 1.6 ಅಂಶ ಏರಿತು. 10 ವರ್ಷದ ಯೀಲ್ಡ್? 2022ರ ಕೊನೆಗೆ 7.33. ಏರಲಿಲ್ಲ, ಸ್ವಲ್ಪ ಇಳಿಯಿತು.

ಏರಿದ್ದು ಇನ್ನೊಂದು ತುದಿ. 364 ದಿನದ ಟಿ-ಬಿಲ್ 2022ರ ಆರಂಭದಲ್ಲಿ 4.3ರ ಆಸುಪಾಸಿನಲ್ಲಿತ್ತು. 2023ರ ಮಾರ್ಚ್ ಹೊತ್ತಿಗೆ 7.3. ಅಂದರೆ ಒಂದು ವರ್ಷಕ್ಕೆ ಸಾಲ ಕೊಟ್ಟರೂ, ಹತ್ತು ವರ್ಷಕ್ಕೆ ಕೊಟ್ಟರೂ ಹೆಚ್ಚುಕಡಿಮೆ ಅದೇ ಬಡ್ಡಿ. ಎಲ್ಲ ಅವಧಿಗಳ ಯೀಲ್ಡ್‌ಗಳನ್ನು ಸಾಲಾಗಿ ಇಟ್ಟು ಗೆರೆ ಎಳೆದರೆ ಯೀಲ್ಡ್ ಕರ್ವ್ ಸಿಗುತ್ತದೆ. ಗುಡ್ಡದ ಹಾದಿಯಂತೆ ಏರುತ್ತಿದ್ದ ಆ ಗೆರೆ ಹದಿನಾಲ್ಕು ತಿಂಗಳಲ್ಲಿ ಬಯಲಿನ ರಸ್ತೆಯಾಯಿತು.

ಓದುವ ರೀತಿ ಹೀಗೆ. ಏರಿಕೆಯ ಕಾಲದ ಮೊದಲ ಭಾಗದಲ್ಲಿ ಉದ್ದದ ತುದಿ ಓಡುತ್ತದೆ, ರೆಪೊ ಮತ್ತು 10 ವರ್ಷದ ನಡುವಿನ ಅಂತರ ಹಿಗ್ಗುತ್ತದೆ. ಆಗ ಉದ್ದದ ಬಾಂಡ್ ಅಪಾಯ. ಎರಡನೇ ಭಾಗದಲ್ಲಿ ಸಣ್ಣ ತುದಿ ಓಡಿ ಬಂದು ಹಿರಿಯವನ ಪಕ್ಕ ನಿಲ್ಲುತ್ತದೆ, ಅಂತರ ಕುಗ್ಗುತ್ತದೆ. ರೆಪೊ ಏರುತ್ತಿದ್ದರೂ ಉದ್ದದ ತುದಿ ಕದಲದಿದ್ದರೆ, ಮುಂದಿನ ಏರಿಕೆಗಳನ್ನು ಪೇಟೆ ಆಗಲೇ ಬೆಲೆಯಲ್ಲಿ ಸೇರಿಸಿಕೊಂಡಿದೆ. ಆಗ ತಲೆಬರಹ ನೋಡಿ ಮಾರುವುದು ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ 2022ರ ಜುಲೈನಿಂದ 2 ವರ್ಷದ ಯೀಲ್ಡ್ 10 ವರ್ಷದ್ದಕ್ಕಿಂತ ಮೇಲೆ ಹೋಯಿತು. ಅಲ್ಲಿ ಇದನ್ನು ಆರ್ಥಿಕ ಹಿಂಜರಿತದ ಮುನ್ಸೂಚನೆ ಎಂದು ಓದುತ್ತಾರೆ. ಆ ಸೂತ್ರವನ್ನು ಹಾಗೇ ಇಲ್ಲಿಗೆ ತರಬೇಡಿ. ನಮ್ಮಲ್ಲಿ ಬ್ಯಾಂಕುಗಳು ಕಾನೂನಿನ ಪ್ರಕಾರ ಠೇವಣಿಯ ಒಂದು ಪಾಲನ್ನು ಸರ್ಕಾರಿ ಬಾಂಡ್‌ನಲ್ಲಿ ಇಡಲೇಬೇಕು. ವಿಮಾ ಕಂಪನಿಗಳು, ಭವಿಷ್ಯ ನಿಧಿ 30–40 ವರ್ಷದ ಕಾಗದ ಹುಡುಕಿಕೊಂಡು ಕೊಳ್ಳುತ್ತವೆ. ಕರ್ವ್ ಚಪ್ಪಟೆಯಾಗಲು ಅದೂ ಒಂದು ಕಾರಣ.

ನಾಲ್ಕನೇ ಹೆಜ್ಜೆ: ಆರ್‌ಬಿಐ ದರಕ್ಕಿಂತ ಅದರ ಮುನ್ನಂದಾಜು ನೋಡಿ

ಜೂನ್ 2022ರಲ್ಲೇ ಉದ್ದದ ತುದಿ ಏಕೆ ನಿಂತಿತು? ತೈಲ ತಣ್ಣಗಾಗತೊಡಗಿದ್ದು ಒಂದು ಕಾರಣ. ಆದರೆ ನನಗೆ ಹೆಚ್ಚು ಕುತೂಹಲದ್ದು ಇನ್ನೊಂದು ಸಾಲು.

ಪ್ರತಿ ಸಭೆಯ ನಂತರ ಆರ್‌ಬಿಐ ವರ್ಷದ ಸರಾಸರಿ ಹಣದುಬ್ಬರ ಎಷ್ಟಾಗಬಹುದು ಎಂದು ಅಂದಾಜು ಕೊಡುತ್ತದೆ. 2022–23ಕ್ಕೆ ಅದು ಕೊಟ್ಟ ಅಂಕಿ ನೋಡಿ. ಫೆಬ್ರವರಿಯಲ್ಲಿ 4.5. ಏಪ್ರಿಲ್‌ನಲ್ಲಿ 5.7. ಜೂನ್‌ನಲ್ಲಿ 6.7. ಆಗಸ್ಟ್‌ನಲ್ಲಿ? ಮತ್ತೆ 6.7. ಸೆಪ್ಟೆಂಬರ್‌ನಲ್ಲೂ 6.7. ಡಿಸೆಂಬರ್‌ನಲ್ಲೂ ಅದೇ.

ನಾಲ್ಕು ತಿಂಗಳಲ್ಲಿ ಅಂದಾಜು 2.2 ಅಂಶ ಜಿಗಿಯಿತು, ಅದೇ ಹೊತ್ತಿನಲ್ಲಿ ಬಾಂಡ್ ಕುಸಿಯಿತು. ಅಂದಾಜು ನಿಂತಿತು, ಬಾಂಡೂ ನಿಂತಿತು. ಕೆಟ್ಟ ಸುದ್ದಿಗಿಂತ 'ಅಂದುಕೊಂಡದ್ದಕ್ಕಿಂತ ಕೆಟ್ಟದು' ಎಂಬ ಸುದ್ದಿಗೆ ಬಾಂಡ್ ಪೇಟೆ ಹೆಚ್ಚು ಹೆದರುತ್ತದೆ. 2022ರ ಏಪ್ರಿಲ್‌ನ ಹಣದುಬ್ಬರ 7.79, ಎಂಟು ವರ್ಷದಲ್ಲೇ ಹೆಚ್ಚು. ಆ ಅಂಕಿ ಬಂದದ್ದು ಮೇ 12ಕ್ಕೆ. ಆಮೇಲೂ ಅಕ್ಟೋಬರ್‌ವರೆಗೆ ಹಣದುಬ್ಬರ ನೆಮ್ಮದಿಯ ಮಟ್ಟಕ್ಕೇನೂ ಇಳಿಯಲಿಲ್ಲ. ಮೂರು ತ್ರೈಮಾಸಿಕ ಸತತವಾಗಿ ಶೇ 6ರ ಮಿತಿ ಮೀರಿದ್ದಕ್ಕೆ ಆರ್‌ಬಿಐ ಸರ್ಕಾರಕ್ಕೆ ಕಾರಣ ಬರೆದುಕೊಡಬೇಕಾಯಿತು, ಅದಕ್ಕೆಂದೇ ನವೆಂಬರ್ 3ರಂದು ವಿಶೇಷ ಸಭೆ ಸೇರಿತು. ಪೇಟೆ ಅಷ್ಟಾಗಿ ಬೆಚ್ಚಲಿಲ್ಲ. ಅದು ಗೊತ್ತಿದ್ದ ಸಂಗತಿ.

ಹಾಗಾಗಿ ನೋಟ್‌ಬುಕ್‌ನಲ್ಲಿ ಇದಕ್ಕೊಂದು ಪುಟ ಇಡಿ. ಅಂದಾಜು ಏರುತ್ತಲೇ ಇದ್ದರೆ ಉದ್ದದ ಬಾಂಡ್‌ನಿಂದ ದೂರ. ಎರಡು ಸಭೆ ಸತತವಾಗಿ ಅಲ್ಲೇ ನಿಂತರೆ, ಗಮನ ಕೊಡಿ.

ಇನ್ನೊಂದು ಪುಟ ಮತಗಳಿಗೆ. ಹಣಕಾಸು ನೀತಿ ಸಮಿತಿಯಲ್ಲಿ ಆರು ಜನ. ಸಭೆಯ ನಡಾವಳಿ 14ನೇ ದಿನ ಪ್ರಕಟವಾಗುತ್ತದೆ, ಯಾರು ಯಾಕೆ ಹೇಗೆ ಮತ ಹಾಕಿದರು ಎಂದು ಅದರಲ್ಲಿರುತ್ತದೆ. 2022ರ ಮೇ, ಜೂನ್, ಆಗಸ್ಟ್ ಏರಿಕೆಗಳಿಗೆ ಆರಕ್ಕೆ ಆರೂ ಒಪ್ಪಿಗೆ. ಸೆಪ್ಟೆಂಬರ್‌ನಲ್ಲಿ ಆಶಿಮಾ ಗೋಯಲ್ 50 ಬೇಡ, 35 ಸಾಕು ಎಂದರು. ಡಿಸೆಂಬರ್‌ನಲ್ಲಿ ಜಯಂತ್ ವರ್ಮಾ ಏರಿಕೆಗೆ ವಿರುದ್ಧ. ಫೆಬ್ರವರಿಯಲ್ಲಿ ಇಬ್ಬರೂ ವಿರುದ್ಧ, 4–2. ಮುಂದಿನ ಸಭೆಯಲ್ಲಿ, 2023ರ ಏಪ್ರಿಲ್ 6ರಂದು, ಏರಿಕೆ ನಿಂತಿತು. ಪೇಟೆಯಲ್ಲಿ ಬಹುತೇಕರು ಇನ್ನೊಂದು 25 ಎಣಿಸಿದ್ದರು. ಮತಗಳು ಒಡೆಯುತ್ತಾ ಬಂದದ್ದನ್ನು ನೋಡಿದ್ದವರಿಗೆ ಅಷ್ಟು ಆಶ್ಚರ್ಯ ಆಗಿರಲಿಕ್ಕಿಲ್ಲ. ಈ ನಿಲುಗಡೆ ಈ ಸಭೆಗೆ ಮಾತ್ರ ಎಂದು ದಾಸ್ ಒತ್ತಿ ಹೇಳಿದರು. ಆದರೆ ಆ ಸುತ್ತಿನಲ್ಲಿ ಮತ್ತೆ ಏರಿಕೆ ಆಗಲೇ ಇಲ್ಲ. ರೆಪೊ 6.50ರಲ್ಲೇ 2025ರ ಫೆಬ್ರವರಿವರೆಗೆ ಕೂತು, ಆಮೇಲೆ ಇಳಿಯಿತು.

ಐದನೇ ಹೆಜ್ಜೆ: ಬ್ಯಾಂಕುಗಳ ಕೈಯಲ್ಲಿ ದುಡ್ಡು ಎಷ್ಟಿದೆ

ರೆಪೊ ಒಂದು ಬೋರ್ಡು. ಬ್ಯಾಂಕುಗಳು ಒಬ್ಬರಿಗೊಬ್ಬರು ರಾತ್ರಿ ಸಾಲ ಕೊಡುವ ದರ, ಕಾಲ್ ರೇಟ್, ಅದು ನಿಜವಾದ ಬೆಲೆ. ಬ್ಯಾಂಕುಗಳ ಬಳಿ ಹಣ ತುಂಬಿ ತುಳುಕಿದರೆ ಕಾಲ್ ರೇಟ್ ನೆಲಕ್ಕೆ, ಅಂದರೆ ಎಸ್‌ಡಿಎಫ್ ದರಕ್ಕೆ ಅಂಟಿಕೊಳ್ಳುತ್ತದೆ. ಹಣ ಬಿಗಿಯಾದರೆ ರೆಪೊ ದಾಟಿ ಚಾವಣಿಯ ಕಡೆ ಹೋಗುತ್ತದೆ. ಆ ಚಾವಣಿಯ ಹೆಸರು ಎಂಎಸ್‌ಎಫ್, ರೆಪೊಗಿಂತ 25 ಬೇಸಿಸ್ ಪಾಯಿಂಟ್ ಮೇಲೆ.

ಕೋವಿಡ್ ಕಾಲದಲ್ಲಿ ವ್ಯವಸ್ಥೆಯಲ್ಲಿ ಹಲವು ಲಕ್ಷ ಕೋಟಿ ಮಿಕ್ಕಿತ್ತು. 2022ರ ಸೆಪ್ಟೆಂಬರ್ ಹೊತ್ತಿಗೆ ಅದು ಬತ್ತಿ ಕೆಲವು ದಿನ ಕೊರತೆಗೆ ಜಾರಿತು. ಮೊದಲು ನೆಲದ ಹತ್ತಿರ ಇದ್ದ ಕಾಲ್ ರೇಟ್ ಮೇಲೆ ಬಂತು. ಹಾಗಾಗಿ ರೆಪೊ 2.5 ಅಂಶ ಏರಿದರೂ ಪೇಟೆಗೆ ತಾಗಿದ ಏರಿಕೆ ಮೂರಕ್ಕೂ ಜಾಸ್ತಿ. ಟಿ-ಬಿಲ್ 4.3ರಿಂದ 7.3ಕ್ಕೆ ಬಂದದ್ದು ಇದೇ ಕಾರಣಕ್ಕೆ.

ಆರ್‌ಬಿಐ ದಿನವೂ ಹಣದ ಪೇಟೆಯ ಪ್ರಕಟಣೆ ಹಾಕುತ್ತದೆ. ಪೂರ್ತಿ ಓದಬೇಕಿಲ್ಲ. ಕಾಲ್ ರೇಟ್ ರೆಪೊಗಿಂತ ಮೇಲಿದೆಯೋ ಕೆಳಗಿದೆಯೋ ನೋಡಿ, ಸಾಕು. ಮಾರ್ಚ್ ಕೊನೆಯಲ್ಲಿ ಮತ್ತು ಮುಂಗಡ ತೆರಿಗೆ, ಜಿಎಸ್‌ಟಿ ಕಟ್ಟುವ ದಿನಗಳಲ್ಲಿ ಅದು ಸುಮ್ನೆ ಜಿಗಿಯುತ್ತದೆ. ಆ ದಿನಗಳಿಗೆ ಅರ್ಥ ಹುಡುಕಬೇಡಿ.

ಆರನೇ ಹೆಜ್ಜೆ: ಶುಕ್ರವಾರದ ಸಂತೆ

ಮಂಗಳವಾರ ರಾಜ್ಯಗಳ ಸಾಲಪತ್ರ ಹರಾಜು, ನಮ್ಮ ಕರ್ನಾಟಕದ್ದೂ ಅಲ್ಲೇ ಬರುತ್ತದೆ. ಬುಧವಾರ ಟಿ-ಬಿಲ್. ಶುಕ್ರವಾರ ಕೇಂದ್ರದ ಬಾಂಡ್. ಟೊಮೆಟೊ ಬೆಲೆ ತಿಳಿಯಲು ಕೋಲಾರದ ಮಂಡಿ ನೋಡುವ ಹಾಗೆ, ಬಾಂಡ್‌ನ ಮನಸ್ಸು ತಿಳಿಯಲು ಶುಕ್ರವಾರದ ಫಲಿತಾಂಶ ನೋಡಬೇಕು.

ಮೂರು ಸಂಗತಿ ಗಮನಿಸಿ. ಎಷ್ಟು ಪಟ್ಟು ಬಿಡ್ ಬಂದಿದೆ. ಕಟ್‌ಆಫ್ ಯೀಲ್ಡ್, ಅಂದರೆ ಹರಾಜಿನಲ್ಲಿ ಒಪ್ಪಿಕೊಂಡ ಅತಿ ಹೆಚ್ಚಿನ ದರ, ಹರಾಜಿಗೆ ಮುಂಚೆ ಪೇಟೆಯಲ್ಲಿ ನಡೆಯುತ್ತಿದ್ದ ದರಕ್ಕಿಂತ ಎಷ್ಟು ಮೇಲೆ ಹೋಯಿತು. ಮತ್ತು ಡಿವಾಲ್ವ್‌ಮೆಂಟ್ ಆಯಿತೇ. ಜನ ಕೇಳಿದ ದರ ಆರ್‌ಬಿಐಗೆ ಒಪ್ಪಿಗೆಯಾಗದಿದ್ದರೆ, ಮಿಕ್ಕ ಕಾಗದವನ್ನು ಹರಾಜಿಗೆ ಗ್ಯಾರಂಟಿ ಕೊಟ್ಟ ಪ್ರೈಮರಿ ಡೀಲರ್‌ಗಳ ತಲೆಗೆ ಕಟ್ಟುತ್ತದೆ. ಅದೇ ಡಿವಾಲ್ವ್‌ಮೆಂಟ್. ಪದೇ ಪದೇ ಹೀಗಾಗುತ್ತಿದ್ದರೆ, ಪೇಟೆ ಕೇಳುವ ಬಡ್ಡಿಗೂ ಆರ್‌ಬಿಐ ಕೊಡಲು ತಯಾರಿರುವ ಬಡ್ಡಿಗೂ ಜಗಳ ಇದೆ ಎಂದರ್ಥ. ಏರುವ ಕಾಲದಲ್ಲಿ ಈ ಜಗಳದಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಪೇಟೆಯೇ.

ಕೇಂದ್ರದ ಬಾಂಡ್ ಸಾಲದ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಗೆ ಮತ್ತು ಸೆಪ್ಟೆಂಬರ್ ಕೊನೆಗೆ ಬರುತ್ತದೆ. ಆ ಎರಡು ದಿನ ಮಾತ್ರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಏಳನೇ ಹೆಜ್ಜೆ: ಮೋಸ ಮಾಡುವ ಅಂಕಿಗಳು

'10 ವರ್ಷದ ಯೀಲ್ಡ್' ಎಂದು ಚಾರ್ಟ್‌ನಲ್ಲಿ ಕಾಣುವುದು ಒಂದೇ ಕಾಗದದ್ದಲ್ಲ. 2022ರ ಆರಂಭದಲ್ಲಿ ಅದು 6.10% 2031. ಆಮೇಲೆ 6.54% 2032. ಆ ವರ್ಷದ ಆಗಸ್ಟ್ ನಂತರ 7.26% 2032. ಒಂದು ಕಾಗದದಿಂದ ಇನ್ನೊಂದಕ್ಕೆ ಹಾರುವಾಗ ಚಾರ್ಟ್‌ನಲ್ಲಿ ಹೊಲಿಗೆ ಇರುತ್ತದೆ. ಕೆಲವು ಬೇಸಿಸ್ ಪಾಯಿಂಟ್ ಜಿಗಿತಕ್ಕೆ ಅದೇ ಕಾರಣ ಇರಬಹುದು.

ಖಾಸಗಿ ಕಂಪನಿ ಬಾಂಡ್‌ನ ಯೀಲ್ಡ್ ಜಾಸ್ತಿ ಕಂಡರೆ ಅದನ್ನು ಸರ್ಕಾರಿ ಬಾಂಡ್ ಜೊತೆ ಹೋಲಿಸಿ ಸಂತೋಷಪಡಬೇಡಿ. ಆ ಹೆಚ್ಚಿನ ಅಂಶ ಅಸಲು ಮುಳುಗುವ ಭಯದ ಕೂಲಿ. ಬಡ್ಡಿ ಏರುವಾಗ ಕಂಪನಿಗಳ ಸಾಲದ ಹೊರೆಯೂ ಏರುತ್ತದೆ. ಎರಡು ಅಪಾಯವನ್ನು ಒಟ್ಟಿಗೆ ತಲೆ ಮೇಲೆ ಹೊರಬೇಕಾಗಿಲ್ಲ.

ಎಂಟನೇ ಹೆಜ್ಜೆ: ಓದಿದ್ದನ್ನು ನಿಮ್ಮ ದುಡ್ಡಿಗೆ ಹೊಂದಿಸಿ

ಇಲ್ಲೊಂದು ಸುಲಭದ ಭಾಗಾಕಾರ ಇದೆ. ಯೀಲ್ಡ್ ಅನ್ನು ಡ್ಯುರೇಷನ್‌ನಿಂದ ಭಾಗಿಸಿ. ಬರುವ ಸಂಖ್ಯೆ, ಒಂದು ವರ್ಷದ ಬಡ್ಡಿ ಪೂರ್ತಿ ಕೊಚ್ಚಿಹೋಗಲು ಯೀಲ್ಡ್ ಎಷ್ಟು ಏರಬೇಕು ಎಂದು ಅಂದಾಜು ಹೇಳುತ್ತದೆ.

2021ರ ಡಿಸೆಂಬರ್: 6.45 ಭಾಗಿಸು 7. ಸುಮಾರು 0.9. ಮುಂದಿನ ಒಂದು ವರ್ಷದಲ್ಲಿ ಯೀಲ್ಡ್ ಏರಿದ್ದು 6.45ರಿಂದ 7.33ಕ್ಕೆ, ಅಂದರೆ 0.88. ಬಡ್ಡಿಯ ಬಹುಪಾಲನ್ನು ಬೆಲೆ ಕುಸಿತವೇ ನುಂಗಿತು. ಅದೇ ಹೊತ್ತಿನ ಟಿ-ಬಿಲ್: 4.3 ಭಾಗಿಸು 1, ಅಂದರೆ 4.3. ಅಷ್ಟು ಏರುವ ಮಾತೇ ಇರಲಿಲ್ಲ. ಬಡ್ಡಿ ಕಮ್ಮಿ, ಆದರೆ ಹೊಡೆತ ತಡೆಯುವ ಶಕ್ತಿ ಜಾಸ್ತಿ. ಏರಿಕೆ ಶುರುವಾಗುವ ಮುಂಚೆ ಸಣ್ಣ ಅವಧಿಯಲ್ಲಿ ಇರಿ ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಆದರೆ ಸಣ್ಣ ಅವಧಿಗೂ ಒಂದು ಕಂಟಕ ಇದೆ. 2023ರಲ್ಲಿ 7.3 ಕೊಟ್ಟ 364 ದಿನದ ಟಿ-ಬಿಲ್, 2025ರ ಮಧ್ಯದಲ್ಲಿ ಮತ್ತೆ ಕೊಳ್ಳಲು ಹೋದರೆ ಶೇ 6ಕ್ಕಿಂತ ಕೆಳಗಿತ್ತು. 2023ರಲ್ಲೇ 10 ವರ್ಷದ್ದನ್ನು ಕೊಂಡವರು ಆ 7.3ನ್ನು ಹತ್ತು ವರ್ಷಕ್ಕೆ ಕಟ್ಟಿಹಾಕಿಕೊಂಡರು. ಅದಕ್ಕೇ ಕರ್ವ್ ಚಪ್ಪಟೆಯಾದಾಗ, ಅಂದಾಜು ನಿಂತಾಗ, ಮತ ಒಡೆದಾಗ, ಸ್ವಲ್ಪ ಸ್ವಲ್ಪವಾಗಿ ಉದ್ದ ಅವಧಿಗೆ ಸರಿಯುವುದು ನನಗೆ ಸರಿ ಅನ್ನಿಸುತ್ತದೆ. ಒಂದೇ ಸಲ ಅಲ್ಲ. ಮೂರು-ನಾಲ್ಕು ಕಂತಿನಲ್ಲಿ.

ಇದೆಲ್ಲಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ದುಡ್ಡು ನನಗೆ ಯಾವಾಗ ಬೇಕು? ಎರಡು ವರ್ಷದಲ್ಲಿ ಮಗಳ ಮದುವೆ ಇದ್ದರೆ ಹತ್ತು ವರ್ಷದ ಬಾಂಡ್ ನಿಮ್ಮದಲ್ಲ, ಓದು ಏನೇ ಹೇಳಲಿ. ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಯಾವಾಗ ಬೇಕಾದರೂ ವಾಪಸ್ ಕೇಳಬಹುದಾದ ಠೇವಣಿಯನ್ನು ಉದ್ದದ ಬಾಂಡ್‌ಗಳಲ್ಲಿ ಇಟ್ಟಿತ್ತು. ಮುಳುಗುವ ಸಾಲ ಅದರಲ್ಲಿ ದೊಡ್ಡ ವಿಷಯವಾಗಿರಲಿಲ್ಲ, ಕಾಗದಗಳು ಒಳ್ಳೆಯವೇ. ಬಡ್ಡಿ ಏರಿ ಬೆಲೆ ಇಳಿದಿತ್ತು, ಠೇವಣಿದಾರರು ಬಾಗಿಲಿಗೆ ಬಂದರು. 2100 ಕೋಟಿ ಡಾಲರ್‌ನಷ್ಟು ಬಾಂಡ್ ಮಾರಿ 180 ಕೋಟಿ ಡಾಲರ್ ನಷ್ಟ ಮಾಡಿಕೊಂಡಿದ್ದೇವೆ ಎಂದು ಬ್ಯಾಂಕ್ 2023ರ ಮಾರ್ಚ್ 8ರಂದು ಹೇಳಿತು. 10ನೇ ತಾರೀಕು ಬೀಗ ಬಿತ್ತು.

ನೇರವಾಗಿ ಕೊಳ್ಳಬೇಕೆಂದರೆ ಆರ್‌ಬಿಐನ ರಿಟೇಲ್ ಡೈರೆಕ್ಟ್ ಖಾತೆ ಇದೆ, 2021ರ ನವೆಂಬರ್‌ನಿಂದ. 10,000 ರೂಪಾಯಿಯಿಂದ ಹರಾಜಿನಲ್ಲೇ ಭಾಗವಹಿಸಬಹುದು. ಕೊನೆಯವರೆಗೆ ಇಟ್ಟುಕೊಳ್ಳುವವರಿಗೆ ನಡುವಿನ ಬೆಲೆ ಏರಿಳಿತ ಕಾಗದದ ಮೇಲಷ್ಟೇ. ಓದುವ ತಾಪತ್ರಯವೇ ಬೇಡ ಅನ್ನುವವರಿಗೆ ಸರ್ಕಾರದ ಫ್ಲೋಟಿಂಗ್ ರೇಟ್ ಉಳಿತಾಯ ಬಾಂಡ್ ಇದೆ. ಅಂಚೆ ಕಚೇರಿಯ ಉಳಿತಾಯ ಪತ್ರ ಎನ್‌ಎಸ್‌ಸಿಯ ದರಕ್ಕಿಂತ 0.35 ಜಾಸ್ತಿ, ಆರು ತಿಂಗಳಿಗೊಮ್ಮೆ ಬದಲಾವಣೆ. ಏರಿಕೆಯ ಸುತ್ತಿನಲ್ಲಿ ಅದು 7.15ರಿಂದ 2023ರ ಜುಲೈಗೆ 8.05ಕ್ಕೆ ಬಂತು. ಆದರೆ ಏಳು ವರ್ಷ ದುಡ್ಡು ಕಟ್ಟಿಹಾಕಬೇಕು, ಪೇಟೆಯಲ್ಲಿ ಮಾರಲಾಗದು. ಇನ್ನು ಸಾಲಪತ್ರ ಕೊಳ್ಳುವ ಡೆಟ್ ಫಂಡ್‌ಗಳಿಗೆ ಹಳೆಯ ತೆರಿಗೆ ಸೌಲಭ್ಯ 2023ರ ಏಪ್ರಿಲ್ 1ರಿಂದೀಚಿನ ಹೂಡಿಕೆಗೆ ಇಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೈ ಪಳಗಿಸಲು ಒಂದು ದಿನ: 2023ರ ಅಕ್ಟೋಬರ್ 6

ನೋಟ್‌ಬುಕ್ ತೆಗೆಯಿರಿ. ರೆಪೊ 6.50, ಬದಲಾವಣೆ ಇಲ್ಲ. ವರ್ಷದ ಹಣದುಬ್ಬರದ ಅಂದಾಜು 5.4, ಆಗಸ್ಟ್‌ನಲ್ಲಿ ಹೇಳಿದ್ದೇ. ಆದರೂ 10 ವರ್ಷದ ಯೀಲ್ಡ್ ಒಂದೇ ದಿನದಲ್ಲಿ 7.2ರ ಆಸುಪಾಸಿನಿಂದ 7.34ಕ್ಕೆ ಜಿಗಿಯಿತು. ಯಾಕೆ?

ಭಾಷಣದ ಮಧ್ಯದಲ್ಲಿ ಒಂದು ಮಾತಿತ್ತು. ವ್ಯವಸ್ಥೆಯಲ್ಲಿನ ಹಣ ಹೀರಲು ಆರ್‌ಬಿಐ ತನ್ನ ಬಳಿಯ ಬಾಂಡ್‌ಗಳನ್ನು ಪೇಟೆಗೆ ಮಾರಬೇಕಾಗಬಹುದು ಎಂದು. ಅಂದರೆ ಶುಕ್ರವಾರದ ಸಂತೆಗೆ ಇನ್ನೊಬ್ಬ ಮಾರಾಟಗಾರ ಬರುತ್ತಾನೆ. ಅಮೆರಿಕದ 10 ವರ್ಷದ ಯೀಲ್ಡ್ ಬೇರೆ ಆ ತಿಂಗಳು ಶೇ 5ರ ಕಡೆ ನಡೆಯುತ್ತಿತ್ತು.

ಈಗ ಹೆಜ್ಜೆಗಳನ್ನು ಹಾಕಿ ನೋಡಿ. ಅಂದಾಜು ಕದಲಿಲ್ಲ. ದರ ಕದಲಿಲ್ಲ. ಕದಲಿದ್ದು ಪೂರೈಕೆಯ ಭಯ ಮತ್ತು ಹೊರಗಿನ ಗಾಳಿ. ಅದರ ಮುಂಚಿನ ತಿಂಗಳು, ಸೆಪ್ಟೆಂಬರ್ 21ಕ್ಕೆ, ಭಾರತದ ಬಾಂಡ್‌ಗಳನ್ನು ಅಮೆರಿಕದ ಬ್ಯಾಂಕ್ ಜೆಪಿ ಮಾರ್ಗನ್, ವಿದೇಶಿ ಫಂಡ್‌ಗಳು ನೋಡಿ ಹೂಡುವ ತನ್ನ ಬಾಂಡ್ ಸೂಚ್ಯಂಕಕ್ಕೆ ಸೇರಿಸುವುದಾಗಿ ಹೇಳಿತ್ತು. ಹೊರಗಿನಿಂದ ಕೊಳ್ಳುವವರು ಬರುವುದೂ ಖಾತ್ರಿ ಇತ್ತು. ಇದು 2022ರ ಏಪ್ರಿಲ್‌ನಂಥ ಜಿಗಿತವೋ, ಅಲ್ಲವೋ?

ಚಿಕ್ಕಪ್ಪ ಅವತ್ತೂ ಫೋನ್ ಮಾಡಿದ್ದರು. ಅವರೇ ನೋಟ್‌ಬುಕ್ ಬರೆಯತೊಡಗಿ ಒಂದು ವರ್ಷವಾಗಿತ್ತು. "ಅಂದಾಜು ಅಲ್ಲೇ ಇದೆ ಕಣೋ, ನಾನು ಮಾರಲ್ಲ" ಅಂದರು. ಡಿಸೆಂಬರ್ ಕೊನೆಗೆ ಯೀಲ್ಡ್ 7.18ರ ಹತ್ತಿರ ವಾಪಸ್ ಬಂದಿತ್ತು.